ಹೊಳೆಯ ಕಡೆಯ ಬಾಗಿಲು

"ಅಮ್ಮ, ಎರಡು ಗಂಟೆಯ ಹಡಗು ಸಾಕಾ, ರಾತ್ರಿಯೆಲ್ಲ ಹೋಗೋ ಹಡಗು ಬೇಕಾ?"

ಹೆಲ್ಸಿಂಕಿಯಲ್ಲಿರುವ ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ ನಾನು ನಂಜನಗೂಡಿನ ಮನೆಯ ಜಗಲಿಯಲ್ಲಿ ಕುಳಿತು ವೀಸಾ ಅರ್ಜಿಗೆ ಕಾಗದ ಜೋಡಿಸುತ್ತಿದ್ದೆ. ಮೇ ಕೊನೆಗೆ ಅವಳ ಮನೆಗೆ ಹೋಗುವುದೆಂದು ಗೊತ್ತಾಗಿತ್ತು. ಅಲ್ಲಿಂದ ಎರಡು ದಿನ ಸಮುದ್ರದಂಚಿನ ಒಂದು ಊರು ನೋಡಿಕೊಂಡು ಬರೋಣ ಎನ್ನುವುದು ಅವಳ ಆಸೆ. ಎರಡು ಗಂಟೆಯ ಹಡಗು ಹತ್ತಿದರೆ ಎಸ್ಟೋನಿಯಾದ ಟ್ಯಾಲಿನ್. ಸಂಜೆ ಹೊರಟು ಮರುದಿನ ಬೆಳಗ್ಗೆ ಇಳಿಯುವುದಾದರೆ ಸ್ವೀಡನ್ನಿನ ಸ್ಟಾಕ್‌ಹೋಂ. ಇವೆರಡೂ ಬೇಡವಾದರೆ ಹೆಲ್ಸಿಂಕಿಯ ಎದುರಿಗೇ ಇರುವ ಕೋಟೆಯ ದ್ವೀಪ, ಕಾಲು ಗಂಟೆಯ ದಾರಿ.

"ಇಳಿದ ಜಾಗದಿಂದ ಊರು ಎಷ್ಟು ದೂರ ಹೇಳು" ಅಂದೆ.

"ಯಾಕಮ್ಮ?"

"ನಡೆದು ಹೋಗೋಷ್ಟು ಹತ್ತಿರ ಇದ್ದರೆ ಅದೇ ಸರಿ."

ಈ ಪ್ರಶ್ನೆ ನನಗೆ ಪ್ರವಾಸದ ಪುಸ್ತಕ ಓದಿ ಬಂದದ್ದಲ್ಲ, ತಿರುಮಕೂಡಲು ನರಸೀಪುರದ ಹರಿಗೋಲಿನಲ್ಲಿ ಕುಳಿತು ಬಂದದ್ದು. ನರಸೀಪುರ ನನ್ನ ತವರು, ನಂಜನಗೂಡು ಗಂಡನ ಮನೆ. ಎರಡರ ನಡುವೆ ಹರಿಯುವುದು ಕಪಿಲೆ, ಅಂದರೆ ಕಬಿನಿ, ಒಬ್ಬಳೇ. ವಯನಾಡಿನ ಬೆಟ್ಟಗಳಿಂದ ಇಳಿದು, ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ದಾಟಿ, ನಂಜನಗೂಡನ್ನು ಬಳಸಿ, ಸುತ್ತೂರಿನ ಮಗ್ಗುಲಲ್ಲಿ ಹಾದು, ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮದುವೆಯಾದ ಹೊಸದರಲ್ಲಿ ಇಲ್ಲಿನ ಸೋಪಾನಕಟ್ಟೆಯಲ್ಲಿ ಕಾಲು ಇಳಿಬಿಟ್ಟು ಕುಳಿತಾಗ, ಈ ನೀರು ನಾಳೆಗೋ ನಾಡಿದ್ದಿಗೋ ನನ್ನ ತವರಿನ ಮೆಟ್ಟಿಲು ಮುಟ್ಟುತ್ತದಲ್ಲ ಎನ್ನಿಸುತ್ತಿತ್ತು. ನನಗಿಂತ ಮೊದಲು ಹೊಳೆಯೇ ಊರು ಸೇರುತ್ತದೆ ಎಂದು ಹೊಟ್ಟೆಕಿಚ್ಚೂ ಆಗುತ್ತಿತ್ತು.

ಕರಾವಳಿಯವರು ದೋಣಿ ದಾಟಿಸುವ ಜಾಗವನ್ನು ಕಡವು ಎನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಅಂಥ ಚೊಕ್ಕ ಹೆಸರಿಲ್ಲ. 'ದಾಟೋ ತಾವು', 'ಹರಿಗೋಲು ಕಟ್ಟೋ ತಾವು' ಅನ್ನುವುದಷ್ಟೆ. ಕಡವು ಎಂಬ ಮಾತು ನನಗೆ ಇಷ್ಟವಾದ್ದರಿಂದ ಈ ಬರಹದಲ್ಲಿ ಅದನ್ನೇ ಕಡ ತಂದುಕೊಂಡಿದ್ದೇನೆ.

ಹರಿಗೋಲು ಹೇಗಿರುತ್ತದೆ ಎಂದು ಹೊಳೆಯ ದಂಡೆಯವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗಾಗಿ ಹೇಳುತ್ತೇನೆ. ಬಿದಿರಿನ ದಬ್ಬೆ ಸೀಳಿ ದೊಡ್ಡ ಮಂಕರಿಯಂತೆ ಹೆಣೆದು, ಹಿಂದಿನ ಕಾಲದಲ್ಲಾದರೆ ಅದರ ಹೊರಮೈಗೆ ಚರ್ಮ ಹೊಲಿಯುತ್ತಿದ್ದರು. ಈಗ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ಗುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ, ಬಂಡೆ ಚಾಚಿಕೊಂಡ ಕಡೆಯೂ ತೇಲುತ್ತದೆ. ಹುಟ್ಟನ್ನು ಮುಂದೆ ಹಾಕಿ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು, ಕೈ ತಪ್ಪಿದರೆ ಹರಿಗೋಲು ಗಿರಗಿರನೆ ಸುತ್ತುತ್ತದೆ. ದಾಟಿಸಿ ಆದಮೇಲೆ ಅಂಬಿಗ ಅದನ್ನು ಮಗುಚಿ ತಲೆಯ ಮೇಲೆ ಹೊತ್ತುಕೊಂಡು ದಂಡೆಗುಂಟ ಮೇಲಕ್ಕೆ ನಡೆಯುತ್ತಾನೆ. ದೂರದಿಂದ ನೋಡಿದರೆ ಒಂದು ದೊಡ್ಡ ಆಮೆ ಎರಡು ಕಾಲಿನ ಮೇಲೆ ಹೋಗುತ್ತಿರುವಂತೆ ಕಾಣುತ್ತದೆ.

ಹೀಗೆ ಮೇಲಕ್ಕೆ ನಡೆಯುವುದರಲ್ಲಿ ಇಡೀ ಕಸುಬಿನ ಗುಟ್ಟಿದೆ. ಹೊಳೆಯನ್ನು ಯಾರೂ ನೆಟ್ಟಗೆ ದಾಟುವುದಿಲ್ಲ. ಇಳಿಯಬೇಕಾದ ಜಾಗಕ್ಕಿಂತ ಸಾಕಷ್ಟು ಮೇಲಿನಿಂದ ಹೊರಟು, ಸೆಳೆತಕ್ಕೆ ಮೈ ಕೊಟ್ಟು, ಓರೆಯಾಗಿ ಇಳಿಯುತ್ತ ಹೋಗಬೇಕು. ನನಗೆ ಹತ್ತು ಹನ್ನೊಂದು ವರ್ಷವಿದ್ದಾಗ, ಸಂಗಮದ ಬಳಿ ಹೊಳೆ ಕಿರಿದಾಗಿರುವ ಕಡೆ ಬೆರಳು ಮಾಡಿ, "ಇಲ್ಲೇ ದಾಟಬಹುದಲ್ವಾ?" ಎಂದು ಕೇಳಿದ್ದೆ. ಅಂಬಿಗ ನಮ್ಮಮ್ಮನ ಕಡೆ ತಿರುಗಿ ಉತ್ತರ ಹೇಳಿದ: "ಕಿರಿದಾಗಿರೋ ತಾವು ಹೊಳೆ ಕ್ವಾಪದಲ್ಲಿರ್ತದೆ ಕನಕ್ಕ. ಅಗಲಕ್ಕೆ ಹರ್ಡ್ಕಂಡಿರೋ ತಾವು ಸಮಾಧಾನವಾಗಿರ್ತದೆ." ಕಿರಿದಾದ ಕಡೆ ಅಷ್ಟೂ ನೀರು ಒತ್ತರಿಸಿಕೊಂಡು ಹೋಗಬೇಕು. ಆಳ ಹೆಚ್ಚು, ಸೆಳೆತ ಹೆಚ್ಚು. ಕಣ್ಣಿಗೆ ಹತ್ತಿರ ಕಂಡದ್ದು ಕಾಲಿಗೆ ಹತ್ತಿರವಲ್ಲ ಎಂದು ಅವತ್ತು ಗೊತ್ತಾಯಿತು. ಹಡಗಿನ ದಾರಿ ಆರಿಸುವಾಗ ಜನ ಮೊದಲು ನೋಡುವುದು ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಎಂದು. ನಾನು ಕೊನೆಗೆ ನೋಡುವುದು ಅದನ್ನು.

ಉದಾಹರಣೆಗೆ, ಇಂಗ್ಲೆಂಡಿನಿಂದ ಫ್ರಾನ್ಸಿಗೆ ಅತಿ ಕಿರಿದಾದ ದಾರಿ ಡೋವರ್–ಕ್ಯಾಲೆ, ಸುಮಾರು ಒಂದೂವರೆ ಗಂಟೆ. ಆದರೆ ಅದು ಕಾರು, ಲಾರಿಗಳ ದಾರಿ. ನಡೆದು ಹೋಗುವವರು ಅಲ್ಲಿ ಬಂದರಿನಿಂದ ಊರಿಗೆ ಹೋಗಲು ಇನ್ನೊಂದು ವಾಹನ ಹುಡುಕಬೇಕು. ಅದೇ ನ್ಯೂಹೇವನ್ನಿನಿಂದ ದಿಯೆಪ್ಪಿಗೆ ನಾಲ್ಕು ಗಂಟೆ ಬೇಕು, ಆದರೆ ತಲುಪುವುದು ಕಡಲತೀರದ ಒಂದು ಹಳೆಯ ಊರಿಗೆ. ಇಲ್ಲೊಂದು ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಂಗ್ಲೆಂಡಿಗೆ ಒಂದು ವೀಸಾ, ಫ್ರಾನ್ಸಿಗೆ ಷೆಂಗೆನ್ ವೀಸಾ ಎಂಬ ಇನ್ನೊಂದು. ಒಂದನ್ನು ಹಿಡಿದು ಎರಡೂ ದಡ ನೋಡಲಾಗದು. ಫಿನ್ಲೆಂಡ್, ಎಸ್ಟೋನಿಯಾ, ಸ್ವೀಡನ್ ಮೂರೂ ಷೆಂಗೆನ್ ಒಳಗಿನ ದೇಶಗಳಾದ್ದರಿಂದ ನಮಗೆ ಆ ತೊಡಕಿರಲಿಲ್ಲ. ಮಕ್ಕಳನ್ನು ನೋಡಲು ಹೋಗುವ ನಮ್ಮ ಕಡೆಯ ತಂದೆತಾಯಿಗಳು ಟಿಕೆಟ್ಟಿಗೆ ಮುಂಚೆ ಇದನ್ನು ವಿಚಾರಿಸಿಕೊಳ್ಳಬೇಕು.

ರಾತ್ರಿಯ ಹಡಗನ್ನು ನಾನು ಬೇಡವೆಂದದ್ದಕ್ಕೆ ಕಾರಣವಿದೆ. ಹೆಲ್ಸಿಂಕಿಯಿಂದ ಸ್ಟಾಕ್‌ಹೋಮಿಗೆ ಹೋಗುವ ಹಡಗು ಓಲಾಂಡ್ ದ್ವೀಪಗಳಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ಆ ದ್ವೀಪಗಳು ಯುರೋಪಿಯನ್ ಒಕ್ಕೂಟದ ತೆರಿಗೆ ವ್ಯವಸ್ಥೆಯ ಹೊರಗಿರುವುದರಿಂದ, ಅಲ್ಲಿ ನಿಂತರೆ ಹಡಗಿನ ಅಂಗಡಿಯಲ್ಲಿ ತೆರಿಗೆಯಿಲ್ಲದೆ ಮಾರಬಹುದು. ಹಡಗಿನ ಒಳಗೇ ಅಂಗಡಿ, ಊಟ, ಹಾಡು, ಕುಣಿತ ಎಲ್ಲ ಇರುತ್ತದೆ. ಅದೂ ಒಂದು ಸುಖವೇ. ಆದರೆ ನನಗೆ ಬೇಕಾದದ್ದು ಊರು ಸಮುದ್ರದಿಂದ ಏಳುವುದನ್ನು ಎಚ್ಚರದಲ್ಲಿ ನೋಡುವುದು. ಕೋಣೆಯೊಳಗೆ ಮಲಗಿ ತಲುಪುವುದಲ್ಲ. ಮತ್ತೆ, ಆ ಕಡಲಿನೊಂದಿಗೆ ಒಂದು ದುಃಖವೂ ಇದೆ. 1994ರ ಸೆಪ್ಟೆಂಬರ್ 28ರ ನಸುಕಿನಲ್ಲಿ, ಟ್ಯಾಲಿನ್ನಿನಿಂದ ಸ್ಟಾಕ್‌ಹೋಮಿಗೆ ಹೊರಟಿದ್ದ 'ಎಸ್ಟೋನಿಯಾ' ಎಂಬ ಹಡಗು ಬಿರುಗಾಳಿಯಲ್ಲಿ ಮುಳುಗಿ 852 ಜನ ಸತ್ತರು. ಹಡಗಿನ ಮೂತಿಯ ಬಾಗಿಲು ಅಲೆಯ ಹೊಡೆತಕ್ಕೆ ಕಳಚಿ, ವಾಹನ ನಿಲ್ಲಿಸುವ ಅಂತಸ್ತಿಗೆ ನೀರು ನುಗ್ಗಿತ್ತು. ಅಲ್ಲಿನವರು ಇವತ್ತಿಗೂ ಆ ರಾತ್ರಿಯನ್ನು ಮರೆತಿಲ್ಲ.

ಜೂನ್ ಮೊದಲ ವಾರದ ಒಂದು ಬೆಳಗ್ಗೆ ಹೊರಟೆವು. ಹೆಲ್ಸಿಂಕಿಯಲ್ಲಿ ಟ್ಯಾಲಿನ್ ಹಡಗುಗಳು ಒಂದೇ ಕಡೆಯಿಂದ ಹೊರಡುವುದಿಲ್ಲ. ಪಶ್ಚಿಮ ಬಂದರು ಒಂದು, ಕಟಯನೊಕ್ಕ ಇನ್ನೊಂದು. ಟಿಕೆಟ್ಟಿನಲ್ಲಿ ಬರೆದಿದ್ದುದನ್ನು ನಾವು ಸರಿಯಾಗಿ ಓದಿರಲಿಲ್ಲ. ಕಟಯನೊಕ್ಕದಲ್ಲಿ ಹೋಗಿ ನಿಂತ ಮೇಲೆ ನಮ್ಮ ಹಡಗು ಪಶ್ಚಿಮ ಬಂದರಿನದು ಎಂದು ತಿಳಿಯಿತು. ಟ್ರಾಮ್ ಹಿಡಿದು ಊರಿನ ಆ ತುದಿಗೆ ಹೋಗುವಷ್ಟರಲ್ಲಿ ಹಡಗು ಹೊರಟಾಗಿತ್ತು. ದಿನಕ್ಕೆ ಹಲವು ಹಡಗುಗಳಿರುವ ದಾರಿಯಾದ್ದರಿಂದ ಮುಂದಿನದಕ್ಕೆ ಬೇರೆ ಟಿಕೆಟ್ ಸಿಕ್ಕಿತು. ಒಂದೇ ಹಡಗಿರುವ ದಾರಿಯಾಗಿದ್ದರೆ ಎರಡು ದಿನದ ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು. ಹೆಚ್ಚು ಸಲ ಓಡುವ ಕಡವು ಒಳ್ಳೆಯ ಕಡವು ಎಂಬುದನ್ನು ದುಡ್ಡು ಕೊಟ್ಟು ಕಲಿತೆ.

ಹಡಗಿನ ಮೇಲಂತಸ್ತಿನಲ್ಲಿ ಗಾಳಿಗೆ ಸೆರಗು ಬಿಗಿದುಕೊಂಡು ನಿಂತಿದ್ದಾಗ ಮಗಳು ಆ ಕಡಲಿನ ಒಂದು ವಿಚಾರ ಹೇಳಿದಳು. ಫಿನ್ಲೆಂಡ್ ಕೊಲ್ಲಿಯ ನೀರಿನಲ್ಲಿ ಉಪ್ಪು ಬಹಳ ಕಡಿಮೆ. ನೇವಾದಂಥ ದೊಡ್ಡ ನದಿಗಳು ಸಿಹಿನೀರು ತಂದು ಸುರಿಯುತ್ತವೆ, ಮಹಾಸಾಗರದ ಉಪ್ಪುನೀರು ಒಳಗೆ ಬರುವ ದಾರಿ ಇಕ್ಕಟ್ಟು. ಉಬ್ಬರ ಇಳಿತವೂ ಇಲ್ಲವೆನ್ನುವಷ್ಟು ಕಡಿಮೆ. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ಟ್ಯಾಲಿನ್ನಿನ ದಂಡೆಯಲ್ಲಿ ಒಂದು ಬೊಗಸೆ ಎತ್ತಿ ತುಟಿಗೆ ತಾಗಿಸಿದೆ. ಗೋಕರ್ಣದಲ್ಲಿ ಬಾಯಿಗೆ ಬಡಿದ ಉಪ್ಪಿನ ಮುಂದೆ ಇದು ಉಪ್ಪೇ ಅಲ್ಲ. ಎರಡು ದೇಶಗಳ ನಡುವೆ ಒಂದು ಅಗಲವಾದ ಹೊಳೆ ಸಮಾಧಾನವಾಗಿ ನಿಂತಂತೆ ಇತ್ತು. ಈ ದಡದ ಫಿನ್ನಿಶ್, ಆ ದಡದ ಎಸ್ಟೋನಿಯನ್ ಒಂದೇ ಬೇರಿನ ಭಾಷೆಗಳು, ನಮ್ಮ ಕನ್ನಡ ತಮಿಳಿನ ಹಾಗೆ. ಮಹಾಯುದ್ಧದಲ್ಲಿ ನಿಂತುಹೋಗಿದ್ದ ಈ ಹಡಗಿನ ದಾರಿ 1965ರಲ್ಲಿ ಮತ್ತೆ ಶುರುವಾಯಿತಂತೆ. ಎಂಬತ್ತು ಕಿಲೋಮೀಟರಿನ ಆಚೆಗೆ ಇರುವ ನಂಟರನ್ನು ನೋಡದೆ ಅಷ್ಟು ವರ್ಷ ಕಳೆದವರು ಇದ್ದಿರಬೇಕು.

ಒಂದೂವರೆ ಗಂಟೆಯಾಗುತ್ತಿದ್ದಂತೆ ನೀರಿನಂಚಿನಲ್ಲಿ ಒಂದು ಚೂಪು ಕಾಣಿಸಿತು. ಸಂತ ಓಲಾಫನ ಇಗರ್ಜಿಯ ಗೋಪುರ. ಸುಮಾರು 124 ಮೀಟರ್ ಎತ್ತರ. ನಾವಿಕರು ಶತಮಾನಗಳಿಂದ ಅದನ್ನು ನೋಡಿಯೇ ದಿಕ್ಕು ಹಿಡಿಯುತ್ತಿದ್ದರು. ಇಳಿದ ಮೇಲೆ ನಾವು ಯಾರನ್ನೂ ದಾರಿ ಕೇಳಬೇಕಾಗಲಿಲ್ಲ. ಆ ಚೂಪಿನ ಕಡೆಗೆ ಕಾಲು ಗಂಟೆ ನಡೆದರೆ ಹಳೆಯ ಊರಿನ ಕೋಟೆಬಾಗಿಲು. ಅದರ ಪಕ್ಕದ ದಪ್ಪನೆಯ ಬುರುಜಿಗೆ 'ದಪ್ಪ ಮಾರ್ಗರೇಟ್' ಎಂದೇ ಹೆಸರು, ಒಳಗೆ ಈಗ ಕಡಲ ಬದುಕಿನ ಮ್ಯೂಸಿಯಂ. ಆ ಬಾಗಿಲು ಕಡಲಿನ ಕಡೆಗಿದೆ. ಅಲ್ಲಿಂದ ಶುರುವಾಗುವ ಬೀದಿಯ ಹೆಸರು 'ಪಿಕ್', ಉದ್ದ ಎಂದು ಅರ್ಥ. ಅದನ್ನು ಹಿಡಿದು ಹೋದರೆ ವರ್ತಕರ ಮನೆಗಳು, ಸಂಘಗಳ ಕಟ್ಟಡಗಳು, ಪಕ್ಕದಲ್ಲೇ 1404ರ ಪುರಭವನದ ಚೌಕ, ಕೊನೆಗೆ ಮೇಲೂರಿನ ದಿಬ್ಬ. ಸರಕು ಹಡಗಿನಿಂದ ಹೇಗೆ ಊರೊಳಗೆ ಹೋಗುತ್ತಿತ್ತೋ ನಾವೂ ಹಾಗೆಯೇ ಹೋದೆವು. ವಿಮಾನದಲ್ಲಿ ಬಂದು ಟ್ಯಾಕ್ಸಿಯಲ್ಲಿ ಇಳಿದವರಿಗೆ ಆ ಊರಿನ ಹಿತ್ತಿಲಷ್ಟೆ ಮೊದಲು ಕಂಡಿರುತ್ತದೆ.

ಎರಡು ದಿನದಲ್ಲಿ ಅಲ್ಲಿ ಹೆಚ್ಚೇನೂ ಮಾಡಲಿಲ್ಲ. ಹಳೆಯ ಸೀಪ್ಲೇನ್ ಬಂದರಿನ ಕಾಂಕ್ರೀಟ್ ಗುಮ್ಮಟಗಳ ಅಡಿಯಲ್ಲಿ 1936ರ 'ಲೆಂಬಿತ್' ಎಂಬ ಜಲಾಂತರ್ಗಾಮಿ ಇದೆ, ಅದರ ಹೊಟ್ಟೆಯೊಳಗೆ ಇಳಿದು ನೋಡಿದೆವು. ರೈ ಹಿಟ್ಟಿನ ಕಪ್ಪು ರೊಟ್ಟಿಗೆ ಬೆಣ್ಣೆ ಸವರಿ ತಿಂದೆ. ಬಣ್ಣ ನಮ್ಮ ಮುದ್ದೆಯದು, ರುಚಿಯಲ್ಲಿ ಒಂದು ಹುಳಿ. ಸಂಜೆ ಸಮುದ್ರದ ಅಂಚಿನ ರಸ್ತೆಯಲ್ಲಿ ನಡೆದೆವು. ಆ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತೂವರೆಗೂ ಬೆಳಕು. ಕತ್ತಲಾಗುವುದನ್ನು ಕಾಯುತ್ತ ಕುಳಿತು, ಕತ್ತಲಾಗದೆ, ಎದ್ದು ಹೋಗಿ ಮಲಗಿದೆವು.

ಊರಿಗೆ ವಾಪಸು ಬಂದ ಮೇಲೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಇಳಿದು ನಿಂತಾಗ ಒಂದು ಮಾತು ಹೊಳೆಯಿತು. ನಾನು ಇಷ್ಟು ವರ್ಷವೂ ಈ ಊರಿಗೆ ಹಿಂಬಾಗಿಲಿನಿಂದ ಬರುತ್ತಿದ್ದೇನೆ.

ಶ್ರೀಕಂಠೇಶ್ವರನ ದೇವಸ್ಥಾನದ ಏಳು ಅಂತಸ್ತಿನ ಗೋಪುರ 120 ಅಡಿ ಎತ್ತರದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಬಸ್ಸಿನಿಂದ ಇಳಿದರೆ ಅಂಗಡಿಗಳ ಬೋರ್ಡು, ವಿದ್ಯುತ್ ತಂತಿಗಳ ನಡುವೆ ಅದನ್ನು ಹುಡುಕಬೇಕು. ಕಪಿಲೆಯ ಆಚೆ ದಡದಿಂದ ನೋಡಿದರೆ ಇಡೀ ಊರು ಆ ಗೋಪುರದ ಕೆಳಗೆ ಕುಳಿತುಕೊಂಡ ಹಾಗೆ ಕಾಣುತ್ತದೆ. ನದಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಮೆಟ್ಟಿಲೇರಿ ದೇವರ ಮುಂದೆ ಹೋಗುವುದು ಹರಕೆಯವರ ಕ್ರಮ. ಊರು ಕಟ್ಟಿದ್ದೇ ಆ ಕ್ರಮಕ್ಕೆ. ದಂಡೆಯ ಹದಿನಾರು ಕಾಲು ಮಂಟಪ ನಮಗೆ ನೀರಿನ ಅಳತೆಗೋಲು. ಕಬಿನಿಯಿಂದ ನೀರು ಬಿಟ್ಟಾಗ ಮಂಟಪದ ಎಷ್ಟು ಭಾಗ ಮುಳುಗಿತು ಎಂದು ಜನ ಕೇಳಿಕೊಳ್ಳುತ್ತಾರೆ. 2019ರ ಆಗಸ್ಟಿನಲ್ಲಿ ಅದು ಪೂರ್ತಿ ಮುಳುಗಿ, ಊಟಿಯ ಹೆದ್ದಾರಿಯೂ ಬಂದ್ ಆಗಿತ್ತು.

ಊರು ಹೊಳೆಗೆ ಬೆನ್ನು ಹಾಕಿದ್ದು ಸೇತುವೆಗಳಿಂದ. ನಂಜನಗೂಡಿನ ಹಳೆಯ ಕಲ್ಲು ಸೇತುವೆ ದಳವಾಯಿ ದೇವರಾಜಯ್ಯನ ಕಾಲದ್ದು, 1735ರದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೈಸೂರಿನ ರೈಲೂ ಅದರ ಮೇಲೇ ಬಂತು. ಸೇತುವೆಯನ್ನು ಬೈಯುವಷ್ಟು ಬುದ್ಧಿಗೇಡಿ ನಾನಲ್ಲ. ಹೆರಿಗೆ ನೋವಿನ ಹೆಂಗಸನ್ನು ಮಳೆಗಾಲದ ರಾತ್ರಿ ಹರಿಗೋಲಿನಲ್ಲಿ ಕೂರಿಸಿಕೊಂಡು ಹೋದ ಕಥೆಗಳನ್ನು ನನ್ನಜ್ಜಿಯ ಬಾಯಲ್ಲಿ ಕೇಳಿದ್ದೇನೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದಾಗ ತುಮರಿ ಕಡೆಯವರು ಎಷ್ಟು ಸಂತೋಷಪಟ್ಟರು, ಅವರ ಸಂತೋಷ ನ್ಯಾಯವಾದದ್ದು. ಆದರೆ ಅಲ್ಲಿನ ಹೊಳೆಬಾಗಿಲಿನ ಲಾಂಚಿನಲ್ಲಿ ಬಸ್ಸು, ಕಾರುಗಳ ನಡುವೆ ಕಂಬಿ ಹಿಡಿದು ನಿಂತು ನೀರು ನೋಡಿದವರಿಗೆ ಆ ಹೊತ್ತು ಇನ್ನು ಬೇಕೆಂದರೂ ಸಿಗುವುದಿಲ್ಲ. ಸೇತುವೆಯೂ ಇರಲಿ, ಕಡವೂ ಇರಲಿ ಎಂದು ಕೇಳುವುದು ದುರಾಸೆಯಲ್ಲ ಎಂದು ನನಗೆ ಗೊತ್ತಾದದ್ದು ಹೆಲ್ಸಿಂಕಿಯಲ್ಲಿ. ಮಾರುಕಟ್ಟೆ ಚೌಕದಿಂದ ಸುವೊಮೆನ್‌ಲಿನ್ನ ಎಂಬ ಕೋಟೆಯ ದ್ವೀಪಕ್ಕೆ ಓಡಾಡುವ ದೋಣಿ, ಊರಿನ ಟ್ರಾಮ್, ಬಸ್ಸುಗಳ ಟಿಕೆಟ್ಟಿನಲ್ಲೇ ನಡೆಯುತ್ತದೆ. 1748ರಲ್ಲಿ ಕಟ್ಟಲು ಶುರುಮಾಡಿದ ಆ ಕೋಟೆಯಲ್ಲಿ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಪ್ರವಾಸಿಯ ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ಅಲ್ಲಿನ ಮನೆಯೊಡತಿ ಕುಳಿತಿರುತ್ತಾಳೆ. ನೀರಿನ ಮೇಲಿನ ಬಸ್ಸು ಅದು.

ಮಂಗಳೂರಿನಲ್ಲಿ ಬೆಂಗ್ರೆಯ ದೋಣಿ ಅಂಥದ್ದೇ. ಶಾಲೆಯ ಮಕ್ಕಳು, ಮೀನು ಮಾರುವವರು, ಕೆಲಸದವರು ಅದರಲ್ಲೇ ಓಡಾಡುತ್ತಾರೆ. ನಮ್ಮ ಸಂಗಮದಲ್ಲಿ ಮಾತ್ರ ಹರಿಗೋಲು ಬಂದವರನ್ನು ಒಂದು ಸುತ್ತು ಸುತ್ತಿಸಿ ಹತ್ತಿದ ದಡಕ್ಕೇ ತಂದುಬಿಡುವ ಆಟವಾಗಿದೆ. ದಾಟಿಸುವುದಕ್ಕೂ ಸುತ್ತಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿಸಿದ ಶಕ್ತಿ ಯೋಜನೆ ಬಂದಮೇಲೆ, 2023ರಿಂದ, ನಮ್ಮೂರಿನ ಬಸ್ಸುಗಳ ತುಂಬ ದೂರದೂರಿನ ಹೆಂಗಸರು. ಅವರು ಬಂದು ದೇವರನ್ನು ನೋಡಿ ಅದೇ ಬಸ್ಸಿಗೆ ಓಡುತ್ತಾರೆ. ನರಸೀಪುರದ ದಡದಿಂದ ತಿರುಮಕೂಡಲಿಗೆ, ತಲಕಾಡಿನಿಂದ ಎದುರು ದಡಕ್ಕೆ, ದರದ ಬೋರ್ಡು ಹಾಕಿ, ತಲೆಗೊಂದು ಲೈಫ್ ಜಾಕೆಟ್ ಕೊಟ್ಟು, ಅಂಬಿಗರಿಗೆ ತಿಂಗಳ ಸಂಬಳವಿಟ್ಟು ಕಡವು ನಡೆಸಿದರೆ ಅದೇ ಬಸ್ ಟಿಕೆಟ್ಟಿನ ಮುಂದುವರಿಕೆಯಾಗುತ್ತದೆ. ಜಾಕೆಟ್ಟಿನ ಮಾತಿಗೆ ಕಾರಣವಿದೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವ ದೋಣಿ ಮಗುಚಿ 16 ಜನ ಹೋದರು. ಮಿತಿ ಮೀರಿ ಜನರನ್ನು ತುಂಬಿಸಿಕೊಳ್ಳುವುದೇ ಇಂಥ ದುರಂತಗಳ ಮೊದಲ ಹೆಜ್ಜೆ.

ಅಂಥ ಕಡವು ಬರುವವರೆಗೆ ನಮ್ಮ ಕಡೆ ಇರುವುದರಲ್ಲೇ ಎರಡು ದಿನ ಹೀಗೆ ಕಳೆಯಬಹುದು. ಕಾರ್ತಿಕದಿಂದ ಮಾಘದವರೆಗೆ ಬನ್ನಿ. ಆಷಾಢ ಶ್ರಾವಣದಲ್ಲಿ ನೀರಿನ ಹತ್ತಿರ ಹೋಗಬೇಡಿ. ಕಬಿನಿ ಸಣ್ಣ ಅಣೆಕಟ್ಟೆ, 19.52 ಟಿಎಂಸಿ ಅಡಿಯದು. ಕೆಆರ್‌ಎಸ್‌ 49.45. ವಯನಾಡಿನಲ್ಲಿ ಮಳೆ ಜಡಿದರೆ ಕಬಿನಿ ಬೇಗ ತುಂಬಿ, ಕಪಿಲೆ ಮೊದಲು ಕೆಂಪಾಗಿ ಬರುತ್ತಾಳೆ. ಕಾವೇರಿಯನ್ನು ಕೆಆರ್‌ಎಸ್‌ ಇನ್ನೂ ಹಿಡಿದಿಟ್ಟಿರುತ್ತದೆ. ಆಗ ಸಂಗಮದಲ್ಲಿ ನಿಂತರೆ ಎರಡು ಬಣ್ಣದ ನೀರು ಒಂದನ್ನೊಂದು ಸೇರದೆ ಸ್ವಲ್ಪ ದೂರ ಜೊತೆಯಾಗಿ ಹೋಗುವುದನ್ನು ನೋಡಬಹುದು. ದಡದಿಂದ ನೋಡಿ, ಇಳಿಯಬೇಡಿ. ಬೇಸಿಗೆಯಲ್ಲಿ ನೀರು ಕಡಿಮೆಯೆಂದು ನಂಬಲೂಬೇಡಿ, ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ.

ಮೊದಲ ಬೆಳಗ್ಗೆ ನಂಜನಗೂಡು, ಸೋಪಾನಕಟ್ಟೆಯಿಂದಲೇ ಶುರು. ರಸಬಾಳೆ ಸಿಕ್ಕರೆ ಎರಡು ಕೊಳ್ಳಿ. ನಿಜವಾದದ್ದು ಈಗ ಅಪರೂಪ, ಸಿಪ್ಪೆ ತೆಳು, ಘಮ ಮೊದಲೇ ಹೇಳಿಬಿಡುತ್ತದೆ. ಮಧ್ಯಾಹ್ನ ಸುತ್ತೂರಿನ ಮೇಲೆ ನರಸೀಪುರಕ್ಕೆ. ಅಲ್ಲಿ ಹೊಳೆಯ ಈ ದಡದಲ್ಲಿ ಗುಂಜಾ ನರಸಿಂಹ, ಎರಡು ನದಿಗಳ ನಡುವಿನ ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರ. ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯ ತೂಕ ಹೆಚ್ಚು ಎಂದು ನಮ್ಮ ಹಿರಿಯರ ಮಾತು. ಕಾವೇರಿ, ಕಪಿಲೆಯ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರಿ ತ್ರಿವೇಣಿ. 1989ರಿಂದ ಮೂರು ವರ್ಷಕ್ಕೊಮ್ಮೆ ಮಾಘದಲ್ಲಿ ಕುಂಭಮೇಳ, 2025ರ ಫೆಬ್ರವರಿಯಲ್ಲೂ ನಡೆಯಿತು. ಮೇಳವಿಲ್ಲದ ವರ್ಷದ ಮಾಘದ ಬೆಳಗ್ಗೆಯೇ ನನಗೆ ಹೆಚ್ಚು ಇಷ್ಟ, ಮಂಜು ನೀರಿನ ಮೇಲೆ ಒಂದಾಳುದ್ದ ನಿಂತಿರುತ್ತದೆ.

ಎರಡನೆಯ ದಿನ ಮುಡುಕುತೊರೆಯ ಬೆಟ್ಟ ಹತ್ತಿ, ತಲಕಾಡು. ಗಂಗರ ರಾಜಧಾನಿಯಾಗಿದ್ದ ಊರು, ವಿಷ್ಣುವರ್ಧನ ಗೆದ್ದು 1117ರಲ್ಲಿ ಕೀರ್ತಿನಾರಾಯಣನನ್ನು ನಿಲ್ಲಿಸಿದ ಊರು, ಮರಳಿನಲ್ಲಿ ಹೂತುಹೋದ ಊರು. ಅಲಮೇಲಮ್ಮನ ಶಾಪ ಎಂದು ನಾವು ಬೆಳೆದದ್ದು. ಮೇಲುಭಾಗದ ಮಾಧವಮಂತ್ರಿ ಕಟ್ಟೆಯಿಂದ ಹರಿವು ಕಡಿಮೆಯಾಗಿ ಬಯಲಾದ ಮರಳನ್ನು ಗಾಳಿ ತಂದು ಸುರಿಯಿತು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಆ ಹೆಂಗಸು ಹೊಳೆಯ ದಂಡೆಯಲ್ಲಿ ನಿಂತಿದ್ದಳು ಎಂಬುದನ್ನು ನಾನು ಎರಡನೆಯ ಮಾತು ಕೇಳಿದ ಮೇಲೂ ಮರೆಯಲಾರೆ. ಅಲ್ಲಿ ಹೊಳೆ ಅಗಲವಾಗಿದೆ. ಸಂಜೆ ನಾಲ್ಕರ ನಂತರ ಹರಿಗೋಲು ಹತ್ತಿ, ಮೇಲಿನಿಂದ ಓರೆಯಾಗಿ ಇಳಿಸಲು ಹೇಳಿ.

ಕಳೆದ ಮಾಘದಲ್ಲಿ ಮಗಳು ರಜೆಗೆ ಬಂದಿದ್ದಳು. ನರಸೀಪುರದ ದಡದಲ್ಲಿ ಒಬ್ಬ ವಯಸ್ಸಾದ ಅಂಬಿಗರನ್ನು, ಸುತ್ತಿಸುವುದು ಬೇಡ, ತಿರುಮಕೂಡಲಿಗೆ ದಾಟಿಸಿಬಿಡಿ, ವಾಪಸು ಬಸ್ಸಿನಲ್ಲಿ ಬರುತ್ತೇವೆ ಎಂದು ಕೇಳಿಕೊಂಡೆ. ಅವರು ಅವಳ ಮುಖ ನೋಡಿ, "ನಡೂಮಧ್ಯ ಕೂತ್ಕಳವ್ವ, ಅಂಚಿಗೆ ಬರ್ಬ್ಯಾಡ" ಎಂದರು. ಹರಿಗೋಲು ಒಂದು ಸಲ ತಾನೇ ಸುತ್ತಿ, ಆಮೇಲೆ ಹಿಡಿತಕ್ಕೆ ಬಂತು. ಅವಳು ಕೈ ನೀರಿಗೆ ಇಳಿಬಿಟ್ಟಳು. ಬೆಳಗ್ಗೆ ನಂಜನಗೂಡಿನ ಮೆಟ್ಟಿಲಲ್ಲಿ ಕಾಲು ತೊಳೆದು ಬಂದಿದ್ದೆವು. "ಅಮ್ಮ, ಆ ನೀರು ಇಷ್ಟೊತ್ತಿಗೆ ಎಲ್ಲಿರಬಹುದು?" ಎಂದು ಕೇಳಿದಳು.

ಅಂಬಿಗರು ಹುಟ್ಟು ಎಳೆಯುತ್ತಲೇ, "ಸುತ್ತೂರು ದಾಟಿರಾಕಿಲ್ಲ ಕನವ್ವ" ಎಂದರು.